ಪ್ರಾಚಾರ್ಯ ಹುದ್ದೆಗೆ ಅರ್ಜಿ: ‘ನಾಯಕತ್ವದ ನಿಲುವು’ ಒಂದೂವರೆ ಪುಟ ಬೇಕಂತೆ, ಏನು ಬರೆಯೋದು?

ಗದಗಿನ ಮೇಷ್ಟ್ರು

ಎಲ್ಲರಿಗೂ ನಮಸ್ಕಾರ. ಗದಗಿನ ಒಂದು ಅನುದಾನಿತ ಪದವಿ ಕಾಲೇಜಿನಲ್ಲಿ ಅರ್ಥಶಾಸ್ತ್ರ ಕಲಿಸುತ್ತೇನೆ. ನಮ್ಮ ಪ್ರಾಚಾರ್ಯರು ಈ ವರ್ಷ ನಿವೃತ್ತರಾಗುತ್ತಾರೆ. ಆಡಳಿತ ಮಂಡಳಿ ಅರ್ಜಿ ಕರೆದಿದೆ. ಅರ್ಹತೆ ಎಲ್ಲ ವಿಶ್ವವಿದ್ಯಾಲಯ ಧನಸಹಾಯ ಆಯೋಗದ (ಯುಜಿಸಿ) 2018ರ ನಿಯಮದ ಪ್ರಕಾರ: ಪಿಎಚ್‌ಡಿ, 15 ವರ್ಷದ ಅನುಭವ, ಕನಿಷ್ಠ 10 ಪ್ರಕಟಣೆ, 110 ಸಂಶೋಧನಾ ಅಂಕ. ಇಷ್ಟು ನನ್ನ ಹತ್ತಿರ ಇದೆ. ಸಿಕ್ಕಿಬಿದ್ದಿದ್ದು ಕೊನೆಯ ಸಾಲಿನಲ್ಲಿ. ‘ಶೈಕ್ಷಣಿಕ ನಾಯಕತ್ವದ ಬಗ್ಗೆ ತಮ್ಮ ನಿಲುವು ಹಾಗೂ ಮುಂದಿನ ಐದು ವರ್ಷಗಳ ಗುರಿ, ಒಂದೂವರೆ ಪುಟ ಮೀರದಂತೆ.’

ಭಾನುವಾರ ಕೂತು ಬರೆದೆ. ‘ಪರಿವರ್ತನಾಶೀಲ ನಾಯಕತ್ವ’, ‘ಉತ್ಕೃಷ್ಟತೆಯ ಕೇಂದ್ರ’, ‘ಎಲ್ಲರನ್ನೂ ಒಳಗೊಂಡ ಬೆಳವಣಿಗೆ’, ‘ಜಾಗತಿಕ ಮಟ್ಟದ ಪದವೀಧರರು’. ನಮ್ಮ ಮನೆಯವರು ಓದಿ, "ಇದು ಯಾವ ಕಾಲೇಜಿನ ಬಗ್ಗೆ?" ಅಂದರು. ಅವರೂ ಹೈಸ್ಕೂಲ್ ಟೀಚರ್. ಉತ್ತರ ಪತ್ರಿಕೆ ತಿದ್ದುವ ಕಣ್ಣು.

ಎರಡು ಪ್ರಶ್ನೆ. ಒಂದು, ಇಂಥ ಪುಟದಲ್ಲಿ ಏನಿರಬೇಕು? ಎರಡು, ನಾನು ಅರ್ಜಿ ಹಾಕಲೇಬೇಕಾ? ಹುದ್ದೆ ಐದು ವರ್ಷಕ್ಕೆ. ಕೆಲಸ ಪರಿಶೀಲಿಸಿ ಇನ್ನೊಂದು ಅವಧಿ ಕೊಡಬಹುದು. ಅಂದರೆ ನನ್ನ ಉಳಿದ ಸೇವೆಯೆಲ್ಲ ಆ ಕುರ್ಚಿಯಲ್ಲೇ ಹೋಗುತ್ತದೆ. ಪಾಠ ಮಾಡುವುದು ನನಗೆ ಇಷ್ಟ. ಆಸೆಯೂ ಇದೆ, ಇಲ್ಲ ಅಂದರೆ ಸುಳ್ಳು.

ಸಪ್ತಾಪುರ ಸ್ಕಾಲರ್

ಸರ್, ಆ ನಾಲ್ಕು ಮಾತು ಎಐಗೆ ಕೇಳಿದರೂ ಬರುತ್ತವೆ. ನಿಮ್ಮ ಜೊತೆ ಅರ್ಜಿ ಹಾಕುವವರೂ ಅದನ್ನೇ ಕೇಳಿರುತ್ತಾರೆ. ಸಮಿತಿಯವರು ಒಂದೇ ಪುಟವನ್ನು ಬೇರೆ ಬೇರೆ ಹೆಸರಲ್ಲಿ ಓದಬೇಕಾಗುತ್ತದೆ, ಪಾಪ.

ಕಾಲೇಜುಗಳ ಗುಣಮಟ್ಟ ಅಳೆಯುವ ನ್ಯಾಕ್‌ಗೆ ಕಾಲೇಜುಗಳು ಕೊಟ್ಟ ಸ್ವಯಂ ಅಧ್ಯಯನ ವರದಿಗಳನ್ನು ನೋಡಿ. ಆರನೇ ಮಾನದಂಡವೇ ಆಡಳಿತ, ನಾಯಕತ್ವ, ನಿರ್ವಹಣೆ. 1000 ಅಂಕದಲ್ಲಿ ಅದಕ್ಕೆ 100. ಯಾವ ಊರಿನ ಯಾವ ಕಾಲೇಜಿನದನ್ನು ತೆಗೆದರೂ ಇದೇ ಭಾಷೆ. ಹೆಸರು ಮುಚ್ಚಿದರೆ ಯಾವುದು ಯಾವುದು ಅಂತ ಹೇಳಲಾಗುವುದಿಲ್ಲ.

ನಿವೃತ್ತ, ಹಾವೇರಿ

ಮೇಷ್ಟ್ರೇ, ನಾನು ಹಾವೇರಿ ಜಿಲ್ಲೆಯಲ್ಲಿ ಪ್ರಾಚಾರ್ಯನಾಗಿದ್ದು ನಿವೃತ್ತನಾದವನು. ಪುಟ ಬರೆಯುವ ಮೊದಲು ಒಂದು ಕೆಲಸ ಮಾಡಿ. ಪ್ರಾಚಾರ್ಯರ ಕೈಯಲ್ಲಿ ಏನೇನು ಇಲ್ಲ ಅಂತ ಒಂದು ಹಾಳೆಯಲ್ಲಿ ಬರೆದುಕೊಳ್ಳಿ.

ಕಾಯಂ ನೇಮಕಾತಿ ಇಲ್ಲ. ಅದು ಸರ್ಕಾರ ಮತ್ತು ಮಂಡಳಿಯ ನಡುವಿನ ವಿಷಯ. ಪಠ್ಯಕ್ರಮವನ್ನು ವಿಶ್ವವಿದ್ಯಾಲಯದ ಅಧ್ಯಯನ ಮಂಡಳಿ (ಬಿಓಎಸ್) ಮಾಡುತ್ತದೆ. ಪರೀಕ್ಷೆಯ ತಾರೀಖು ಅವರೇ ಹೇಳುತ್ತಾರೆ. ಸಂಬಳದ ಬಿಲ್ಲು ಧಾರವಾಡದಲ್ಲಿರುವ ಕಾಲೇಜು ಶಿಕ್ಷಣ ಇಲಾಖೆಯ ಜಂಟಿ ನಿರ್ದೇಶಕರ ಕಚೇರಿ ದಾಟಿ ಬರಬೇಕು. ಕಟ್ಟಡ ಮಂಡಳಿಯದು. ಡಿಗ್ರಿ ಮೂರು ವರ್ಷವೋ ನಾಲ್ಕು ವರ್ಷವೋ ಅನ್ನುವುದೂ ನಿಮ್ಮದಲ್ಲ. 2021ರಲ್ಲಿ ಹೊಸ ಶಿಕ್ಷಣ ನೀತಿ ಅಂತ ಎಲ್ಲ ಬದಲಾಯಿತು. 2024ರಲ್ಲಿ ಮತ್ತೆ ಮೂರು ವರ್ಷಕ್ಕೆ ಬಂದು ನಿಂತಿತು. ಎರಡೂ ಸಲ ನಮಗೆ ಗೊತ್ತಾಗಿದ್ದು ಸುತ್ತೋಲೆ ಬಂದಾಗ.

ಇದನ್ನೆಲ್ಲ ಕಳೆದರೆ ಉಳಿಯುವುದು ನೋಡಿ. ಟೈಮ್‌ಟೇಬಲ್. ಯಾವ ಸಮಿತಿಯಲ್ಲಿ ಯಾರು. ಸ್ಟಾಫ್ ಮೀಟಿಂಗ್‌ನಲ್ಲಿ ಯಾರ ಮಾತು ಕೇಳುತ್ತೀರಿ. ಮೇಜಿನ ಮೇಲೆ ಕಡತ ಎಷ್ಟು ದಿನ ಮಲಗುತ್ತದೆ. ಅಷ್ಟೇ. ಕಡಿಮೆ ಅನ್ನಿಸುತ್ತದೆ ಅಲ್ವಾ? ಇಷ್ಟನ್ನೇ ಸರಿಯಾಗಿ ಮಾಡಿದ ಪ್ರಾಚಾರ್ಯರನ್ನು ಬೆರಳಲ್ಲಿ ಎಣಿಸಬಹುದು.

ಟೈಮ್‌ಟೇಬಲ್ ಒಂದನ್ನೇ ತಗೊಳ್ಳಿ. ಗೋಡೆಗೆ ಅಂಟಿಸಿದ ಆ ಹಾಳೆ ಓದಿದರೆ ಒಳಗೆ ಕೂತವರು ಎಂಥವರು ಅಂತ ತಿಳಿಯುತ್ತದೆ. ಹಿರಿಯರ ಪಾಠವೆಲ್ಲ 10ರಿಂದ 1ರ ಒಳಗೆ. ಅತಿಥಿ ಉಪನ್ಯಾಸಕರಿಗೆ ಮೊದಲ ಪಿರಿಯಡ್, ಕೊನೆಯ ಪಿರಿಯಡ್, ನಡುವೆ ಖಾಲಿ. ಯುಜಿಸಿ ಲೆಕ್ಕದಲ್ಲಿ ಅಸಿಸ್ಟಂಟ್ ಪ್ರೊಫೆಸರ್‌ಗೆ ವಾರಕ್ಕೆ 16 ಗಂಟೆ ಪಾಠ, ಅಸೋಸಿಯೇಟ್ ಮತ್ತು ಪ್ರೊಫೆಸರ್‌ಗೆ 14. ಕಾಗದದ ಮೇಲೆ ಎಲ್ಲರದೂ ಸರಿಯಾಗಿರುತ್ತದೆ. ಇಬ್ಬರು ಸೇರಿ ಒಂದು ಪೇಪರ್ ಹಂಚಿಕೊಂಡು, ಪಾಠ ಮಾಡುವುದು ಒಬ್ಬರೇ ಆಗಿರುತ್ತಾರೆ. ಇದು ಎಲ್ಲರಿಗೂ ಗೊತ್ತು, ಯಾರೂ ಬಾಯಿ ಬಿಡುವುದಿಲ್ಲ.

ಆಮೇಲೆ ಹಳ್ಳಿಯ ಮಕ್ಕಳು. ನಮ್ಮಲ್ಲಿ ಸವಣೂರು, ಹಾನಗಲ್ ಕಡೆಯಿಂದ ಬಸ್ಸಲ್ಲಿ ಬರುವವರೇ ಜಾಸ್ತಿ. ಬೆಳಗಿನ ಬಸ್ಸು ಬರುವ ಹೊತ್ತಿಗೆ ಮೊದಲ ಪಿರಿಯಡ್ ಅರ್ಧ ಮುಗಿದಿರುತ್ತಿತ್ತು. ಆ ಪಿರಿಯಡ್‌ನಲ್ಲಿ ಇದ್ದದ್ದು ಇಂಗ್ಲಿಷ್. ಫಲಿತಾಂಶದಲ್ಲಿ ಪ್ರತಿ ವರ್ಷ ಅದೇ ವಿಷಯ ಕೆಳಗೆ. ‘ಹಳ್ಳಿ ಹುಡುಗರಿಗೆ ಇಂಗ್ಲಿಷ್ ಬರಲ್ಲ’ ಅಂತ ಎಲ್ಲರೂ ತೀರ್ಮಾನ ಮಾಡಿ ಆಗಿತ್ತು. ಪಿರಿಯಡ್ ಮಧ್ಯಾಹ್ನಕ್ಕೆ ಹಾಕಿದೆವು. ಹಿರಿಯರೊಬ್ಬರು ನನ್ನ ಜೊತೆ ಬಹಳ ಕಾಲ ಮಾತು ಬಿಟ್ಟರು, ಅವರ ಊಟದ ಹೊತ್ತು ತಪ್ಪಿತು ಅಂತ. ಹುಡುಗರು ಪಾಸಾದರು. ನಿಲುವು ಅಂದರೆ ನನಗೆ ಗೊತ್ತಿರುವುದು ಇಷ್ಟು.

ಕೆಸಿಡಿ ಹಳೆಯ ವಿದ್ಯಾರ್ಥಿ

ನಿವೃತ್ತ ಸರ್ ಮಾತಿಗೆ ಗೌರವ ಇದೆ. ಆದರೆ ಎಲ್ಲವನ್ನೂ ಟೈಮ್‌ಟೇಬಲ್‌ಗೆ ಇಳಿಸಿಬಿಟ್ಟರೆ ಹೇಗೆ? ಧಾರವಾಡ ಸೀಮೆಯವರು ಇಷ್ಟು ಸಣ್ಣ ಮಾತು ಆಡಬಾರದು.

ಕರ್ನಾಟಕ ವಿಶ್ವವಿದ್ಯಾಲಯ 1949ರಲ್ಲಿ ಮುಂಬೈಯಲ್ಲಿ ಶುರುವಾಗಿ ಆಮೇಲೆ ಧಾರವಾಡಕ್ಕೆ ಬಂತು. ಡಿ.ಸಿ. ಪಾವಟೆಯವರು 1954ರಿಂದ 1967ರವರೆಗೆ ಕುಲಪತಿ. ಗೋಕಾಕ ತಾಲ್ಲೂಕಿನ ಮಮದಾಪುರದವರು, ಕೇಂಬ್ರಿಜ್‌ನಲ್ಲಿ ಗಣಿತದಲ್ಲಿ ಮೊದಲ ದರ್ಜೆ ಪಡೆದ ರ‍್ಯಾಂಗ್ಲರ್. ಛೋಟಾ ಮಹಾಬಳೇಶ್ವರ ಗುಡ್ಡದ ಮೇಲೆ ಇವತ್ತು ನಾವು ನೋಡುವ ಕ್ಯಾಂಪಸ್ ಅವರ ಕಾಲದಲ್ಲಿ ಎದ್ದು ನಿಂತಿತು. ಆ ಗುಡ್ಡಕ್ಕೆ ಪಾವಟೆ ನಗರ ಅಂತ ಹೆಸರು ಸುಮ್ನೆ ಬಂದಿಲ್ಲ. ಕುಲಪತಿ ಕೆಲಸ ಮುಗಿಸಿ ಪಂಜಾಬಿಗೆ ರಾಜ್ಯಪಾಲರಾಗಿ ಹೋದರು.

ಇನ್ನೂ ಹಿಂದೆ ಹೋಗಿ. 1916ರಲ್ಲಿ ಬೆಳಗಾವಿಯಲ್ಲಿ ಏಳು ಜನ ಶಿಕ್ಷಕರು ಕೆಎಲ್‌ಇ ಸಂಸ್ಥೆ ಕಟ್ಟಿದರು. ಸಪ್ತರ್ಷಿಗಳು ಅಂತ ಈಗಲೂ ಕರೆಯುತ್ತಾರೆ. ಆಜೀವ ಸದಸ್ಯರು ಅಂತ ತಮ್ಮ ದುಡಿಮೆಯನ್ನೇ ಸಂಸ್ಥೆಗೆ ಬರೆದುಕೊಟ್ಟರು. ಅದರ ಮರು ವರ್ಷ ಧಾರವಾಡದಲ್ಲಿ ಕರ್ನಾಟಕ ಕಾಲೇಜು, ಅಂದರೆ ನಮ್ಮ ಕೆಸಿಡಿ. ಆ ಏಳು ಜನರ ಕೈಯಲ್ಲಿ ಏನಿತ್ತು? ಅವರು ‘ಇಲ್ಲ’ ಅನ್ನುವುದರ ಪಟ್ಟಿ ಮಾಡುತ್ತಾ ಕೂತಿದ್ದರೆ ನಾವು ನೀವು ಓದುತ್ತಿರಲಿಲ್ಲ.

ಹಳೇ ಹುಬ್ಬಳ್ಳಿ ಹೈದ

ಪುಟ ಯಾರೂ ಓದಲ್ಲ ರೀ. ಹೆಸರು ಮೊದಲೇ ನಿಶ್ಚಯ ಆಗಿರುತ್ತದೆ. ಯಾರ ಕಡೆಯವರು, ಯಾರಿಗೆ ಫೋನ್ ಮಾಡಿಸಿದರು, ಅಷ್ಟೇ ನೋಡೋದು. ಏಳು ಜನ ಋಷಿಗಳ ಕಾಲ ಹೋಯಿತು.

ನಿವೃತ್ತ, ಹಾವೇರಿ

ಇಬ್ಬರಿಗೂ ಉತ್ತರ.

ಕೆಸಿಡಿಯವರೇ, ಪಾವಟೆಯವರ ಬಗ್ಗೆ ನನಗೂ ಅಷ್ಟೇ ಅಭಿಮಾನ. ಆದರೆ ಎರಡು ಮಾತು ಮರೆಯಬೇಡಿ. ಅವರಿಗೆ ಸಿಕ್ಕಿದ್ದು 13 ವರ್ಷ. ಈಗಿನ ಕುಲಪತಿಗೆ ನಾಲ್ಕು ವರ್ಷ. ರಾಜ್ಯಪಾಲರದೊಬ್ಬರು, ಸರ್ಕಾರದವರೊಬ್ಬರು, ಯುಜಿಸಿಯವರೊಬ್ಬರು, ಸಿಂಡಿಕೇಟಿನವರೊಬ್ಬರು ಸೇರಿ ಶೋಧನಾ ಸಮಿತಿ ಮಾಡಿ ಹೆಸರು ಆರಿಸುತ್ತಾರೆ. ಬಂದವರು ಕಚೇರಿ ಅರ್ಥ ಮಾಡಿಕೊಳ್ಳುವಷ್ಟರಲ್ಲಿ ಮುಂದಿನ ಅರ್ಜಿಗಳು ಓಡಾಡುತ್ತಿರುತ್ತವೆ. ಎರಡನೆಯದು, ಪಾವಟೆಯವರು ಇಲ್ಲಿಗೆ ಬರುವ ಮೊದಲು ಮುಂಬೈ ಸರ್ಕಾರದಲ್ಲಿ ಶಿಕ್ಷಣ ಇಲಾಖೆಯ ನಿರ್ದೇಶಕರಾಗಿದ್ದವರು. ದುಡ್ಡು ಯಾವ ಕಡತದಲ್ಲಿ ಬರುತ್ತದೆ, ಎಲ್ಲಿ ನಿಲ್ಲುತ್ತದೆ ಅಂತ ಬಲ್ಲವರು. ಗುಡ್ಡದ ಕನಸು ಕಂಡರು ಅಂತ ನಾವು ಭಾಷಣ ಮಾಡುತ್ತೇವೆ. ಕಡತ ಬಲ್ಲವರ ಕನಸಾದ್ದರಿಂದ ಗುಡ್ಡ ಹತ್ತಿತು ಅಂತ ನನ್ನ ಎಣಿಕೆ.

ಹುಬ್ಬಳ್ಳಿ ತಮ್ಮಾ, ನೀನು ಹೇಳಿದ್ದು ಕೆಲವು ಕಡೆ ನಿಜ ಇರಬಹುದು. ಆದರೂ ಪುಟ ಬರೆಯಬೇಕು. ಅರ್ಜಿಯ ಜೊತೆ ಕೊಟ್ಟದ್ದು ಇನ್‌ವರ್ಡ್ ಆಗಿ (ಆವಕ ವಹಿಯಲ್ಲಿ ದಾಖಲಾಗಿ) ಕಡತ ಸೇರುತ್ತದೆ. ನಾಳೆ ಮಂಡಳಿಯವರು ಬಂದು ‘ಇಂಥವರನ್ನು ಖರೀದಿ ಸಮಿತಿಗೆ ಹಾಕಿ’ ಅಂದಾಗ, ‘ನಾನು ಹೀಗೆ ಬರೆದುಕೊಟ್ಟಿದ್ದೆ, ನೀವು ಒಪ್ಪಿ ನೇಮಿಸಿದ್ದೀರಿ’ ಅನ್ನಬಹುದು. ಉಪಯೋಗಕ್ಕೆ ಬರುವುದು ಆವಾಗ.

ವಿದ್ಯಾನಗರ, ಹುಬ್ಬಳ್ಳಿ

ಖರೀದಿ ಸಮಿತಿಯ ಮಾತು ಬಂತಲ್ಲ, ನಾನೂ ಹೇಳಿಬಿಡುತ್ತೇನೆ. ನಾನು ಎಂಜಿನಿಯರಿಂಗ್ ಕಾಲೇಜೊಂದರಲ್ಲಿ ವಿಭಾಗದ ಮುಖ್ಯಸ್ಥೆ.

ನಿಮ್ಮ ಕಾಲೇಜಿನ ಸಮಿತಿಗಳ ಪಟ್ಟಿ ಕೈಗೆ ತಗೊಳ್ಳಿ ಸರ್. ಸಾಂಸ್ಕೃತಿಕ ಸಮಿತಿ, ಮಹಿಳಾ ದೂರು ಸಮಿತಿ, ವಾರ್ಷಿಕ ಸಂಚಿಕೆ, ಅತಿಥಿ ಸತ್ಕಾರ: ಅಲ್ಲೆಲ್ಲ ಮೇಡಮ್‌ಗಳು. ಪರೀಕ್ಷೆ, ಪ್ರವೇಶ, ಖರೀದಿ, ಕಟ್ಟಡ, ಹಣಕಾಸು: ಅಲ್ಲೆಲ್ಲ ಸರ್‌ಗಳು. ಇದನ್ನು ಯಾರೂ ಕೆಟ್ಟ ಮನಸ್ಸಿನಿಂದ ಮಾಡಿರುವುದಿಲ್ಲ. ‘ಮೇಡಮ್‌ಗೆ ಸಂಜೆ ತೊಂದರೆ ಆಗಬಾರದು’ ಅನ್ನುವ ಕಾಳಜಿಯಿಂದಲೇ ಮಾಡಿರುತ್ತಾರೆ. ಹದಿನೈದು ವರ್ಷ ಆದಮೇಲೆ ಅದೇ ಮೇಡಮ್ ಪ್ರಾಚಾರ್ಯ ಹುದ್ದೆಗೆ ಅರ್ಜಿ ಹಾಕುತ್ತಾರೆ. ‘ಆಡಳಿತದ ಅನುಭವ’ ಅನ್ನುವ ಖಾನೆಯಲ್ಲಿ ರಂಗೋಲಿ ಸ್ಪರ್ಧೆ ಬಿಟ್ಟು ಏನೂ ಇರುವುದಿಲ್ಲ. ಆಗ ಸಮಿತಿಯವರು ನಿಜವಾಗಿಯೂ ಬೇಜಾರಿನಿಂದ ‘ಅನುಭವ ಸಾಲದು’ ಅನ್ನುತ್ತಾರೆ.

ನನಗೇ ಒಂದು ಸಂಸ್ಥೆಯ ಸಂದರ್ಶನದಲ್ಲಿ ಮೊದಲ ಪ್ರಶ್ನೆ, ‘ಮನೆ ಹೇಗೆ ಸಂಭಾಳಿಸ್ತೀರಿ?’ ನನ್ನ ಹಿಂದೆ ಕೂತಿದ್ದ ಸರ್‌ಗೆ ಮೊದಲ ಪ್ರಶ್ನೆ, ಪ್ರಯೋಗಾಲಯದ ಅನುದಾನ ಹೇಗೆ ತರುತ್ತೀರಿ ಅಂತ. ಅವರೇ ಹೊರಗೆ ಬಂದು ಹೇಳಿದರು. ಅವರಿಗೂ ಎರಡು ಮಕ್ಕಳು.

ಆದ್ದರಿಂದ ಮುಂದಿನ ಪ್ರಾಚಾರ್ಯರು ಯಾರಾಗಬಹುದು ಅನ್ನುವುದು ಸಂದರ್ಶನದ ದಿನ ತೀರ್ಮಾನ ಆಗುವುದಿಲ್ಲ. ಹತ್ತು ವರ್ಷ ಮೊದಲು ಸಮಿತಿ ಪಟ್ಟಿ ಟೈಪ್ ಮಾಡುವಾಗಲೇ ಆಗಿರುತ್ತದೆ. ನಿಮ್ಮ ಪುಟದಲ್ಲಿ ‘ಲಿಂಗ ಸಮಾನತೆ’ ಅಂತ ಬರೆಯಬೇಡಿ, ದಯವಿಟ್ಟು. ಪರೀಕ್ಷಾ ಸಮಿತಿ ಮತ್ತು ಖರೀದಿ ಸಮಿತಿಯ ಸಂಚಾಲಕರನ್ನು ಎರಡು ವರ್ಷಕ್ಕೊಮ್ಮೆ ಸರದಿಯಲ್ಲಿ ಬದಲಾಯಿಸುತ್ತೇನೆ ಅಂತ ಬರೆಯಿರಿ. ಸಾಕು. ಮೀಟಿಂಗ್ ಸಂಜೆ 5ರ ಒಳಗೆ ಮುಗಿಸುತ್ತೇನೆ ಅಂತಲೂ ಸೇರಿಸಿ. ಹುಬ್ಬಳ್ಳಿ-ಧಾರವಾಡದ ಚಿಗರಿ ಬಸ್ಸು ರಾತ್ರಿಯವರೆಗೂ ಓಡುತ್ತದೆ ಅಂತ ನಮ್ಮ ಹಳೆಯ ನಿರ್ದೇಶಕರು ನಗುತ್ತಾ ಹೇಳುತ್ತಿದ್ದರು. ಬಸ್ಸು ಓಡುತ್ತದೆ ಸರ್, ಮನೆಯಲ್ಲಿ ಅನ್ನ ಬಸ್ಸಲ್ಲಿ ಬರಲ್ಲ.

ಅತಿಥಿ, ರಾಣೆಬೆನ್ನೂರು

ಎಲ್ಲ ಓದಿದೆ. ‘ಐದು ವರ್ಷಗಳ ಗುರಿ’ ಅನ್ನುವ ಮಾತು ನೋಡಿ ಸ್ವಲ್ಪ ನಗು ಬಂತು. ತಪ್ಪು ತಿಳಿಯಬೇಡಿ.

ನಾನು ಸರ್ಕಾರಿ ಪ್ರಥಮ ದರ್ಜೆ ಕಾಲೇಜಿನಲ್ಲಿ ಅತಿಥಿ ಉಪನ್ಯಾಸಕ. ರಾಜ್ಯದಲ್ಲಿ ನಮ್ಮಂಥವರು 10 ಸಾವಿರಕ್ಕೂ ಜಾಸ್ತಿ. ಉಪನ್ಯಾಸಕರ ಅರ್ಹತಾ ಪರೀಕ್ಷೆ ಕೆ-ಸೆಟ್ ಆಗಿದೆ. ಪ್ರತಿ ವರ್ಷ ಆನ್‌ಲೈನ್ ಅರ್ಜಿ, ಮೆರಿಟ್ ಪಟ್ಟಿ, ಕೌನ್ಸೆಲಿಂಗ್. ಕಾಲೇಜು ಸಿಕ್ಕರೆ ಸಿಕ್ಕಿತು. ಕಾಯಂನವರು ಒಬ್ಬರು ವರ್ಗವಾಗಿ ಬಂದರೆ ನನ್ನ ವರ್ಕ್‌ಲೋಡ್ ಹೋಯಿತು. ಮೇಷ್ಟ್ರು ಐದು ವರ್ಷದ ಗುರಿ ಬರೆಯಲು ಕಷ್ಟಪಡುತ್ತಿದ್ದಾರೆ. ನನಗೆ ಮುಂದಿನ ಸೆಮಿಸ್ಟರ್ ಎಲ್ಲಿ ಅಂತಲೇ ಬರೆಯಲು ಬರುವುದಿಲ್ಲ.

ಕಾಯಂ ಆದವರ ಏಣಿ ಸ್ಪಷ್ಟ ಇದೆ. ಪಿಎಚ್‌ಡಿ ಇದ್ದರೆ ನಾಲ್ಕು ವರ್ಷಕ್ಕೆ ವೇತನ ಹಂತ 10ರಿಂದ 11, ಆಮೇಲೆ ಐದು ವರ್ಷಕ್ಕೆ 12, ಮತ್ತೆ ಮೂರು ವರ್ಷಕ್ಕೆ ಅಸೋಸಿಯೇಟ್. ನಮಗೆ ಆ ಏಣಿಯ ಮೊದಲ ಮೆಟ್ಟಿಲೇ ಇಲ್ಲ. ಆದರೂ ಪಾಠ ಅದೇ, ಮಕ್ಕಳು ಅವರೇ, ಆಂತರಿಕ ಅಂಕ ಹಾಕುವುದೂ ನಾವೇ.

ನಾನು ಕೆಲಸ ಮಾಡಿದ ಒಂದು ಕಡೆ ಪ್ರಾಚಾರ್ಯರು ನಮ್ಮನ್ನು ಸ್ಟಾಫ್ ಮೀಟಿಂಗ್‌ಗೆ ಕರೆಯುತ್ತಿರಲಿಲ್ಲ. ‘ನಿಮಗೆ ತೊಂದರೆ ಯಾಕೆ’ ಅನ್ನುತ್ತಿದ್ದರು. ಇನ್ನೊಂದು ಕಡೆ ಕರೆಯುತ್ತಿದ್ದರು, ಕೂರಿಸುತ್ತಿದ್ದರು. ಪಾಠ ಎಷ್ಟು ಆಗಿದೆ, ಯಾರು ಕ್ಲಾಸಿಗೆ ಬರುತ್ತಿಲ್ಲ ಅಂತ ಕೇಳುತ್ತಿದ್ದರು. ಸಂಬಳ ಎರಡೂ ಕಡೆ ಒಂದೇ. ಎರಡನೇ ಕಡೆ ಯಾರೂ ಹೇಳದಿದ್ದರೂ ನಾನು ಶನಿವಾರ ಹೆಚ್ಚಿನ ಕ್ಲಾಸ್ ತಗೊಳ್ಳುತ್ತಿದ್ದೆ. ಅನುದಾನಿತ ಕಾಲೇಜಿನಲ್ಲೂ ಮಂಡಳಿಯ ಲೆಕ್ಕದಲ್ಲಿ ದುಡಿಯುವ ತಾತ್ಕಾಲಿಕ ಉಪನ್ಯಾಸಕರು ಇರುತ್ತಾರೆ, ಅಲ್ವಾ ಸರ್? ಅವರ ಹೆಸರು ನಿಮ್ಮ ಪುಟದಲ್ಲಿ ಬರಬೇಕು.

ಗದಗಿನ ಮೇಷ್ಟ್ರು

ಇಷ್ಟು ಜನ ಇಷ್ಟು ಬರೆಯುತ್ತೀರಿ ಅಂದುಕೊಂಡಿರಲಿಲ್ಲ. ಅತಿಥಿಯವರೇ, ಇದ್ದಾರೆ. ನಮ್ಮ ಕಾಲೇಜಿನಲ್ಲಿ ನಿವೃತ್ತರಾದವರ ಜಾಗಕ್ಕೆ ಕಾಯಂ ಯಾರೂ ಬಂದಿಲ್ಲ. ಅರ್ಧದಷ್ಟು ಪಾಠ ಮಂಡಳಿ ನೇಮಿಸಿದ ಹುಡುಗರು, ಹುಡುಗಿಯರು ಮಾಡುತ್ತಾರೆ. ಮೇಡಮ್ ಹೇಳಿದ ಮೇಲೆ ಸಮಿತಿ ಪಟ್ಟಿಯನ್ನೂ ತೆಗೆದು ನೋಡಿದೆ. ಅವರು ನಮ್ಮ ಕಾಲೇಜಿಗೆ ಬಂದು ನೋಡಿ ಬರೆದ ಹಾಗಿದೆ.

ಗುರಿಯ ಭಾಗ ಇನ್ನೂ ಕೈಗೆ ಬರುತ್ತಿಲ್ಲ. ನಿಲುವು ಬೇರೆ, ಗುರಿ ಬೇರೆ ಅಲ್ವಾ? ಮಂಡಳಿಗೆ ಬೇಕಿರುವ ಗುರಿ ಎಂದರೆ ಪ್ರವೇಶ ಸಂಖ್ಯೆ. ಬಿಎಗೆ ಮಕ್ಕಳು ಕಡಿಮೆ ಆಗುತ್ತಿದ್ದಾರೆ.

ಕಚೇರಿಯವ

ನಾನು ಬೋಧಕ ಅಲ್ಲ. ಕಾಲೇಜು ಕಚೇರಿಯ ಸೂಪರಿಂಟೆಂಡೆಂಟ್. ಬರೆಯಬಹುದಾ? ಬರೆಯುತ್ತೇನೆ.

ಈಗಿನ ಪ್ರಾಚಾರ್ಯರ ದೊಡ್ಡ ಅಧಿಕಾರ ಅಂದರೆ ಅವರ ಮೊಬೈಲಿಗೆ ಬರುವ ಒಟಿಪಿ. ನಗಬೇಡಿ. ವಿಶ್ವವಿದ್ಯಾಲಯಗಳ ಆನ್‌ಲೈನ್ ವ್ಯವಸ್ಥೆ ಯುಯುಸಿಎಂಎಸ್‌ನಲ್ಲಿ ಪ್ರವೇಶ ಅನುಮೋದನೆ, ಪರೀಕ್ಷಾ ಅರ್ಜಿ, ಆಂತರಿಕ ಅಂಕ, ಎಲ್ಲಕ್ಕೂ ಕಾಲೇಜಿನ ಲಾಗಿನ್. ವಿದ್ಯಾರ್ಥಿವೇತನದ ರಾಜ್ಯ ಪೋರ್ಟಲ್ ಎಸ್‌ಎಸ್‌ಪಿಯಲ್ಲಿ ಮಕ್ಕಳ ದಾಖಲೆಗೆ ಇ-ದೃಢೀಕರಣ. ಸಾಹೇಬರು ಬೆಂಗಳೂರಿಗೆ ಮೀಟಿಂಗ್‌ಗೆ ಹೋಗಿ ಫೋನ್ ಸೈಲೆಂಟ್ ಇಟ್ಟರೆ ಇಲ್ಲಿ ಕೌಂಟರ್ ಮುಂದೆ ಸಾಲು. ಕೊನೆಯ ದಿನ ಸರ್ವರ್ ಮಲಗುತ್ತದೆ. ಒಬ್ಬ ಕೂಲಿ ಮಾಡುವವರ ಮಗಳ ವಿದ್ಯಾರ್ಥಿವೇತನ ಹೋಗಲು ಅಷ್ಟೇ ಸಾಕು. ಆಮೇಲೆ ಅವಳು ಕಾಲೇಜು ಬಿಟ್ಟರೆ ನಾವು ‘ಡ್ರಾಪ್‌ಔಟ್’ ಅಂತ ಒಂದು ಸಂಖ್ಯೆ ಬರೆಯುತ್ತೇವೆ.

ಒಳ್ಳೆಯ ಪ್ರಾಚಾರ್ಯರ ಕೈಕೆಳಗೂ ಕೆಲಸ ಮಾಡಿದ್ದೇನೆ. ಅವರು ಬೆಳಗ್ಗೆ ಬಂದವರೇ ನನ್ನ ಮೇಜಿಗೆ ಬರುತ್ತಿದ್ದರು. ‘ಇವತ್ತು ಯಾವುದಕ್ಕೆ ಕೊನೇ ದಿನ?’ ಇಷ್ಟೇ ಪ್ರಶ್ನೆ. ಆಮೇಲೆ ಕ್ಲಾಸಿಗೆ ಹೋಗುತ್ತಿದ್ದರು. ಸಂಜೆ ಕಡತಕ್ಕೆಲ್ಲ ಸಹಿ ಆಗಿ ವಾಪಸ್ ಬಂದಿರುತ್ತಿತ್ತು. ಅವರು ಭಾಷಣ ಚೆನ್ನಾಗಿ ಮಾಡುತ್ತಿರಲಿಲ್ಲ. ನಮಗೇನು ತೊಂದರೆ ಆಗಲಿಲ್ಲ.

ಸಪ್ತಾಪುರ ಸ್ಕಾಲರ್

ಗುರಿಯ ಬಗ್ಗೆ ನಾನು ಹೇಳಲಾ? ನೆಟ್ ಆಗಿದೆ, ಪಿಎಚ್‌ಡಿ ನಡೆಯುತ್ತಿದೆ, ಕೆಲಸ ಇಲ್ಲ. ಆದ್ದರಿಂದ ಬೇರೆಯವರ ಗುರಿ ನೋಡುವುದೇ ನನಗೆ ಕೆಲಸ.

ನನಗೆ ಗೊತ್ತಿರುವ ಪ್ರೊಫೆಸರ್‌ಗಳಲ್ಲಿ ಕುಲಪತಿ ಆಗಬೇಕು ಅನ್ನುವವರು ಬಹಳ. ಪ್ರೊಫೆಸರ್ ಆಗಿ 10 ವರ್ಷ ಆಗಬೇಕು ಅನ್ನುವ ನಿಯಮ ಇದೆ, ಆ 10 ವರ್ಷವನ್ನು ಬೆರಳೆಣಿಸುತ್ತಾ ಕಳೆಯುತ್ತಾರೆ. ಕುಲಪತಿ ಆಗಿ ಏನು ಮಾಡುತ್ತೀರಿ ಅಂದರೆ ಮಾತು ನಿಲ್ಲುತ್ತದೆ. ಹೊಸ ವಿಶ್ವವಿದ್ಯಾಲಯಗಳ ಕಡೆ ನೋಡಿ. ಹಾವೇರಿಗೆ 2023ರಲ್ಲಿ ವಿಶ್ವವಿದ್ಯಾಲಯ ಬಂತು. 2025ರಲ್ಲಿ ಸಚಿವ ಸಂಪುಟದ ಉಪಸಮಿತಿ ಇಂಥ ಒಂಬತ್ತನ್ನು ಮುಚ್ಚಿ ಅಂದಿತು. ಅಲ್ಲಿ ಕೂತವರು ಎಂಥ ದೊಡ್ಡ ಗುರಿ ಇಟ್ಟುಕೊಂಡಿದ್ದರೂ, ಕಟ್ಟಡವೋ ಸಿಬ್ಬಂದಿಯೋ ಇಲ್ಲದೆ ಏನು ಮಾಡಬೇಕಿತ್ತು?

ಅದಕ್ಕೇ ಸಣ್ಣದು ಹೇಳುತ್ತೇನೆ. ನಾನು ಓದುವುದು ಧಾರವಾಡದ ಸಪ್ತಾಪುರದ ಒಂದು ಖಾಸಗಿ ಓದುವ ಕೋಣೆಯಲ್ಲಿ. ತಿಂಗಳ ಬಾಡಿಗೆ ಕೊಟ್ಟು ಒಂದು ಕುರ್ಚಿ, ಒಂದು ಪ್ಲಗ್ ಪಾಯಿಂಟ್. ಗದಗ, ಹಾವೇರಿ, ಕೊಪ್ಪಳ, ಬಾಗಲಕೋಟೆ ಕಡೆಯ ಹುಡುಗರು ರಾತ್ರಿ ತನಕ ಕೂತಿರುತ್ತಾರೆ. ಅವರೆಲ್ಲ ಯಾವುದೋ ಕಾಲೇಜಿನಲ್ಲಿ ಮೂರು ವರ್ಷ ಓದಿ ಬಂದವರು. ಆ ಕಾಲೇಜಿನಲ್ಲಿ ದೊಡ್ಡ ಗ್ರಂಥಾಲಯ ಇತ್ತು, ಸಂಜೆ 5ಕ್ಕೆ ಬೀಗ ಬೀಳುತ್ತಿತ್ತು. ಡಿಗ್ರಿ ಮುಗಿಸಿ ಧಾರವಾಡಕ್ಕೆ ಬಂದು ಕುರ್ಚಿಗೆ ದುಡ್ಡು ಕೊಡುತ್ತಾರೆ. ಗದಗಿನ ನಿಮ್ಮ ಗ್ರಂಥಾಲಯ ರಾತ್ರಿ 8ರವರೆಗೆ ತೆಗೆದಿಡಿ ಸರ್. ಹಳೆಯ ವಿದ್ಯಾರ್ಥಿಗಳಿಗೂ ಬಿಡಿ. ಬಿಎ ಪ್ರವೇಶ ತಾನಾಗಿ ಏರದಿದ್ದರೆ ನನ್ನನ್ನು ಕೇಳಿ.

ಕಚೇರಿಯವ

ಒಳ್ಳೆಯದೇ. ಆದರೆ 5ರ ನಂತರ ಯಾರು ಕೂರುತ್ತಾರೆ? ಗ್ರಂಥಪಾಲಕರ ಹುದ್ದೆ ಖಾಲಿ ಇರುವ ಕಾಲೇಜುಗಳೇ ಹೆಚ್ಚು. ಅಟೆಂಡರ್‌ಗೆ ಹೆಚ್ಚಿನ ಹೊತ್ತಿನ ಸಂಬಳ ಯಾವ ಲೆಕ್ಕದಲ್ಲಿ? ಕರೆಂಟ್ ಬಿಲ್ಲು ಮಂಡಳಿಯದು. ಇದನ್ನು ಬರೆಯದೆ ‘8ರವರೆಗೆ’ ಅಂತ ಬರೆದರೆ ಉತ್ಕೃಷ್ಟತೆಯ ಕೇಂದ್ರದ ತಮ್ಮ ಅದು.

ಕೆಸಿಡಿ ಹಳೆಯ ವಿದ್ಯಾರ್ಥಿ

ನೋಡಿ, ಈಗ ಒಂದು ದೊಡ್ಡ ಮಾತು ಬಂತು. ಕಾಲೇಜಿನ ದೀಪ ರಾತ್ರಿ ಉರಿಯುವುದು ಸಣ್ಣ ಕೆಲಸ ಏನಲ್ಲ. ದುಡ್ಡಿಗೆ ಹಳೆಯ ವಿದ್ಯಾರ್ಥಿಗಳನ್ನು ಕೇಳಿ. ಗದಗ-ಬೆಟಗೇರಿಯಲ್ಲಿ ಮುದ್ರಣಾಲಯ ಇಟ್ಟವರು, ಎಪಿಎಂಸಿಯಲ್ಲಿ ಅಂಗಡಿ ಇಟ್ಟವರು ನಿಮ್ಮಲ್ಲೇ ಓದಿದವರು ಇರುತ್ತಾರೆ. ಸನ್ಮಾನಕ್ಕೆ ಶಾಲು ಕೊಡುವ ಬದಲು ಒಂದು ವರ್ಷದ ಕರೆಂಟ್ ಬಿಲ್ಲು ಕೊಡಿ ಅಂತ ಕೇಳಿ. 1916ರವರೂ ಊರೂರು ತಿರುಗಿ ಕೇಳಿಯೇ ಕಟ್ಟಿದ್ದು.

ಇನ್ನೊಂದು. ನಾಗಾವಿಯಲ್ಲಿ ಗ್ರಾಮೀಣಾಭಿವೃದ್ಧಿ ಮತ್ತು ಪಂಚಾಯತ್ ರಾಜ್ ವಿಶ್ವವಿದ್ಯಾಲಯ ನಿಮ್ಮ ಬಗಲಲ್ಲೇ ಇದೆ. ಅರ್ಥಶಾಸ್ತ್ರದ ಮಕ್ಕಳು ಅವರ ಜೊತೆ ಸೇರಿ ಒಂದೊಂದು ಪಂಚಾಯಿತಿಯ ಆಯವ್ಯಯ ಓದಲಿ. ಅದಕ್ಕೆ ಪಠ್ಯಕ್ರಮ ಬದಲಿಸಬೇಕಿಲ್ಲ, ಪ್ರಾಜೆಕ್ಟ್‌ನಲ್ಲೇ ಮಾಡಿಸಬಹುದು.

ಗದಗಿನ ಮೇಷ್ಟ್ರು

ರಾತ್ರಿ ಮತ್ತೆ ಬರೆದೆ. ಮುಖ್ಯ ಭಾಗ ಇಲ್ಲಿ ಹಾಕುತ್ತೇನೆ. ತಿದ್ದಿ.

‘ನಾನು ಪ್ರಾಚಾರ್ಯನಾದರೆ ವಾರಕ್ಕೆ ನಾಲ್ಕು ಪಿರಿಯಡ್ ಬಿಎ ಮೊದಲ ವರ್ಷಕ್ಕೆ ಪಾಠ ಮಾಡುತ್ತೇನೆ. ಟೈಮ್‌ಟೇಬಲ್ ಮಾಡುವ ಮೊದಲು ಮುಂಡರಗಿ, ರೋಣ, ಶಿರಹಟ್ಟಿ ಕಡೆಯ ಬಸ್ಸಿನ ಸಮಯ ನೋಡುತ್ತೇನೆ. ಮೊದಲ ಮತ್ತು ಕೊನೆಯ ಪಿರಿಯಡ್ ಕಾಯಂ, ತಾತ್ಕಾಲಿಕ ಅನ್ನದೆ ಎಲ್ಲರಿಗೂ ಸರದಿಯಲ್ಲಿ ಬರುತ್ತದೆ. ಪರೀಕ್ಷೆ, ಖರೀದಿ, ಪ್ರವೇಶ ಸಮಿತಿಗಳ ಸಂಚಾಲಕರು ಎರಡು ವರ್ಷಕ್ಕೊಮ್ಮೆ ಬದಲಾಗುತ್ತಾರೆ. ತಾತ್ಕಾಲಿಕ ಉಪನ್ಯಾಸಕರು ಸ್ಟಾಫ್ ಮೀಟಿಂಗ್‌ನಲ್ಲಿ ಇರುತ್ತಾರೆ. ವಿದ್ಯಾರ್ಥಿವೇತನದ ದೃಢೀಕರಣ ಅರ್ಜಿ ಬಂದ ಮೂರು ಕೆಲಸದ ದಿನದಲ್ಲಿ ಮುಗಿಯುತ್ತದೆ. ಐದು ವರ್ಷದ ಗುರಿ: ಮೊದಲ ವರ್ಷ ಗ್ರಂಥಾಲಯ ಸಂಜೆ 7ರವರೆಗೆ, ಮೂರನೇ ವರ್ಷದಿಂದ 8ರವರೆಗೆ. ಇದರ ಖರ್ಚಿಗೆ ಹಳೆಯ ವಿದ್ಯಾರ್ಥಿಗಳ ಸಂಘದಿಂದ ಪ್ರತ್ಯೇಕ ಖಾತೆ. ಮೊದಲ ವರ್ಷದ ಬಿಎ ಮಕ್ಕಳಲ್ಲಿ ಎಷ್ಟು ಜನ ಮೂರನೇ ವರ್ಷ ತಲುಪಿದರು ಅನ್ನುವ ಲೆಕ್ಕವನ್ನು ಪ್ರತಿ ಜೂನ್‌ನಲ್ಲಿ ಮಂಡಳಿಯ ಮುಂದೆ ಇಡುತ್ತೇನೆ.’

ನಿವೃತ್ತ, ಹಾವೇರಿ

ಕೊನೆಯ ವಾಕ್ಯ ಬಹಳ ಒಳ್ಳೆಯದು. ಚೇರಮನ್ನರು ‘ಪ್ರವೇಶ ಎಷ್ಟು ತರುತ್ತೀರಿ’ ಅಂತ ಕೇಳಿಯೇ ಕೇಳುತ್ತಾರೆ. ಬಂದವರು ಎಷ್ಟು ಜನ ಉಳಿದರು ಅಂತ ನೀವು ತಿರುಗಿಸಿ. ಮೂರನೇ ವರ್ಷಕ್ಕೆ ಬರುವಷ್ಟರಲ್ಲಿ ಖಾಲಿಯಾದ ಬೆಂಚಿನ ಫೀಯೂ ಹೋಗಿರುತ್ತದೆ. ಅದು ಅವರಿಗೆ ಬೇಗ ಅರ್ಥ ಆಗುತ್ತದೆ.

ನಾಲ್ಕು ಪಿರಿಯಡ್ ಸಾಕು, ಹೆಚ್ಚು ಬರೆಯಬೇಡಿ. ನಿಮ್ಮ ಎರಡನೇ ಪ್ರಶ್ನೆಗೂ ಅದರಲ್ಲೇ ಉತ್ತರ ಇದೆ. ಆ ನಾಲ್ಕು ಪಿರಿಯಡ್ ಬಿಟ್ಟುಕೊಡಿ ಅಂದರೆ ಹುದ್ದೆ ಬೇಡ ಅನ್ನಿ. ಇಟ್ಟುಕೊಳ್ಳಿ ಅಂದರೆ ಅರ್ಜಿ ಹಾಕಿ.

‘ಮೂರು ಕೆಲಸದ ದಿನ’ ಮಾತ್ರ ನೋಡಿಕೊಳ್ಳಿ. ಸರ್ವರ್ ನಿಮ್ಮ ಕೈಯಲ್ಲಿಲ್ಲ. ‘ಕಚೇರಿಯ ಕಡೆಯಿಂದ’ ಅಂತ ಸೇರಿಸಿ.

ವಿದ್ಯಾನಗರ, ಹುಬ್ಬಳ್ಳಿ

ಸರದಿ ಅಂತ ಬರೆದಿದ್ದು ಖುಷಿ. ಮೊದಲ ಸರದಿ ಯಾರದು ಅಂತಲೂ ಮನಸ್ಸಿನಲ್ಲಿ ಇಟ್ಟುಕೊಂಡು ಹೋಗಿ. ಸಂದರ್ಶನದಲ್ಲಿ ಕೇಳುತ್ತಾರೆ. ಮೀಟಿಂಗ್ 5ರ ಒಳಗೆ ಅನ್ನುವುದು ಎಲ್ಲಿ ಹೋಯಿತು?

ಗದಗಿನ ಮೇಷ್ಟ್ರು

ಸೇರಿಸಿದೆ ಮೇಡಮ್. ‘ಕಚೇರಿಯ ಕಡೆಯಿಂದ’ ಕೂಡ ಸೇರಿಸಿದೆ. ಮನೆಯವರು ಓದಿದರು. ಈ ಸಲ ಯಾವ ಕಾಲೇಜು ಅಂತ ಕೇಳಲಿಲ್ಲ, ಎರಡು ಕಡೆ ಅಕ್ಷರ ತಪ್ಪು ತೋರಿಸಿದರು.

ಹಳೇ ಹುಬ್ಬಳ್ಳಿ ಹೈದ

ಹೆಸರು ಮೊದಲೇ ನಿಶ್ಚಯ ಆಗಿರುತ್ತದೆ ಅನ್ನುವುದನ್ನು ನಾನು ವಾಪಸ್ ತಗೊಳ್ಳಲ್ಲ. ಆದರೂ ಸರ್, ಹಾಕಿ.

ಕಚೇರಿಯವ

ಮೇಷ್ಟ್ರೇ, ಪುಟ ಆಯಿತು. ಈಗ ಕಾಗದದ ಕಡೆ ನೋಡಿ. ಸೇವಾ ಪುಸ್ತಕದ ದೃಢೀಕೃತ ಪ್ರತಿ, ಪಿಎಚ್‌ಡಿ ಅಧಿಸೂಚನೆ, ಪ್ರಕಟಣೆಗಳ ಮೊದಲ ಪುಟ. 110 ಅಂಕದ ಲೆಕ್ಕದ ಹಾಳೆಯನ್ನು ಕಾಲೇಜಿನ ಆಂತರಿಕ ಗುಣಮಟ್ಟ ಘಟಕದ (ಐಕ್ಯೂಎಸಿ) ಸಂಯೋಜಕರು ಪರಿಶೀಲಿಸಿ ಸಹಿ ಮಾಡಬೇಕು. ಎಷ್ಟೋ ಅರ್ಜಿ ಅಲ್ಲೇ ಬೀಳುತ್ತವೆ.

ಗದಗಿನ ಮೇಷ್ಟ್ರು

ಅಲ್ಲೇ ಸಮಸ್ಯೆ. ನಮ್ಮ ಐಕ್ಯೂಎಸಿ ಸಂಯೋಜಕರೂ ಅರ್ಜಿ ಹಾಕುತ್ತಿದ್ದಾರೆ.

ಕಚೇರಿಯವ

ಹಾಗಾದರೆ ಅವರ ಹಾಳೆ ಯಾರು ಪರಿಶೀಲಿಸುತ್ತಾರೆ ಅಂತ ಪ್ರಾಚಾರ್ಯರಿಗೆ ಒಂದು ಪತ್ರ ಕೊಡಿ. ಅವರ ಹಾಳೆ ಪರಿಶೀಲಿಸುವವರೇ ನಿಮ್ಮದನ್ನೂ ಪರಿಶೀಲಿಸಲಿ. ಬಾಯಿ ಮಾತಲ್ಲಿ ಬೇಡ, ಪತ್ರದ ಎರಡನೇ ಪ್ರತಿ ಮೇಲೆ ಇನ್‌ವರ್ಡ್ ನಂಬರ್ ಹಾಕಿಸಿಕೊಂಡು ಬನ್ನಿ.